ಡಬ್ಲಿನ್‌ನ ಪ್ರೇಕ್ಷಕರು ತಮ್ಮದೇ ನಾಟಕಗಳ ವಿರುದ್ಧ ಗಲಾಟೆ ಮಾಡಿದ್ದೇಕೆ?

ಡಬ್ಲಿನ್‌ನಲ್ಲಿ 1904ರಲ್ಲಿ ಆ್ಯಬಿ ಥಿಯೇಟರ್ ಆರಂಭವಾದಾಗ ಐರ್ಲೆಂಡ್ ಇನ್ನೂ ಬ್ರಿಟಿಷ್ ಆಳ್ವಿಕೆಯಲ್ಲಿತ್ತು. ಇಂಗ್ಲಿಷ್ ರಂಗಭೂಮಿ ಐರಿಷ್ ಮನುಷ್ಯನನ್ನು ಕುಡುಕ, ಜಗಳಗಂಟ, ಕೋಡಂಗಿ ಎಂದೇ ಬಹುಕಾಲ ತೋರಿಸುತ್ತ ಬಂದಿತ್ತು. ಆ ಚಿತ್ರವನ್ನು ಅಳಿಸುವುದಾಗಿ ಆ್ಯಬಿಯನ್ನು ಕಟ್ಟಿದ ಯೇಟ್ಸ್, ಲೇಡಿ ಗ್ರೆಗರಿ ಮೊದಲಾದವರು ಮಾತು ಕೊಟ್ಟಿದ್ದರು. ಹೀಗಾಗಿ 1907ರಲ್ಲಿ ಜೆ.ಎಂ. ಸಿಂಗ್ ಅವರ ‘ದಿ ಪ್ಲೇಬಾಯ್ ಆಫ್ ದಿ ವೆಸ್ಟರ್ನ್ ವರ್ಲ್ಡ್’ ರಂಗಕ್ಕೆ ಬಂದಾಗ ರಾಷ್ಟ್ರೀಯವಾದಿಗಳು ಕೆರಳಿದರು. ತಂದೆಯನ್ನು ಕೊಂದೆನೆಂದು ಹೇಳಿಕೊಳ್ಳುವ ಯುವಕನನ್ನು ಮೇಯೋ ಸೀಮೆಯ ಹಳ್ಳಿಗರು ವೀರನೆಂದು ಮೆರೆಸುವ ಕಥೆ ಅದು. ಜೊತೆಗೆ ಹೆಣ್ಣಿನ ಒಳಉಡುಪಿನ ಪ್ರಸ್ತಾಪ ಬೇರೆ, ಪೊಲೀಸರನ್ನೇ ಕರೆಸಬೇಕಾಯಿತು.

ಅದೇ ಆ್ಯಬಿಯಲ್ಲಿ ನಡೆದ 1926ರ ಗಲಾಟೆ ಇನ್ನೂ ನೋವಿನದು. ಶಾನ್ ಓಕೇಸಿ ಅವರ ‘ದಿ ಪ್ಲೌ ಅಂಡ್ ದಿ ಸ್ಟಾರ್ಸ್’ ಬ್ರಿಟಿಷ್ ಆಳ್ವಿಕೆಯ ವಿರುದ್ಧ ನಡೆದ 1916ರ ಈಸ್ಟರ್ ದಂಗೆಯನ್ನು ನಗರದ ಬಡವರ ಕಣ್ಣಿಂದ ನೋಡಿತು. ವೇಶ್ಯೆಯೊಬ್ಬಳು ಕೂತ ಹೆಂಡದಂಗಡಿಗೆ ಹೋರಾಟಗಾರರು ಬಾವುಟ ಹಿಡಿದು ಬರುವ ದೃಶ್ಯ ಅದರಲ್ಲಿತ್ತು. ಪ್ರತಿಭಟಿಸಿದವರಲ್ಲಿ ಆ ದಿನಗಳಲ್ಲಿ ಮಡಿದವರ ಮನೆಯ ಹೆಂಗಸರೇ ಇದ್ದರು. ಅವರ ದುಃಖವನ್ನು ಹಗುರಾಗಿ ಕಾಣುವಂತಿಲ್ಲ; ಆದರೂ ಕೊಳೆಗೇರಿಯ ಹಸಿವನ್ನು ಮರೆಮಾಚದೆ ಹೇಳಿದ್ದೇ ನಾಟಕದ ದೊಡ್ಡ ಶಕ್ತಿ.

ಚೆಂದದ ಚಿತ್ರಕ್ಕೂ ಕಹಿ ವಾಸ್ತವಕ್ಕೂ ನಡುವಿನ ಈ ಜಗ್ಗಾಟ ಸಿನಿಮಾದಲ್ಲೂ ಇದೆ. ಜಾನ್ ಫೋರ್ಡ್ 1952ರ ‘ದಿ ಕ್ವಯಟ್ ಮ್ಯಾನ್’ನಲ್ಲಿ ಹಸಿರು ಹಳ್ಳಿಯ ಕನಸು ಕಟ್ಟಿದರೆ, ಕೆನ್ ಲೋಚ್ 2006ರ ಚಿತ್ರದಲ್ಲಿ ಐರಿಷ್ ಅಂತರ್ಯುದ್ಧದಲ್ಲಿ ಎದುರುಬದುರಾದ ಅಣ್ಣತಮ್ಮಂದಿರನ್ನು ತೋರಿಸಿದರು.