‘ಜ್ವರ ಅಂತ ಗಂಜಿ ಕೊಟ್ಟು ಮಲಗಿಸಿದ್ದೆ’

"ಮೊದಲು ಹೋದದ್ದು ನನ್ನ ಎರಡು ಬಳೆ. ಕೆಲಸಕ್ಕೆ ಬರುವವಳ ಮೇಲೆ ಅನುಮಾನಪಟ್ಟೆ. ಮಗನ ಮೇಲೆ ಅನುಮಾನ ಬರ್ಲೇ ಇಲ್ಲ. ಆ ಹೆಂಗಸಿನ ಹತ್ರ ಮಾಫಿ ಕೇಳ್ಲಿಕ್ಕೆ ನನಗೆ ಎರಡು ವರ್ಷ ಬೇಕಾಯ್ತು."

ಮಂಗಳೂರು ಹೊರವಲಯದ ಆ ಉಮ್ಮ ಹೀಗೆ ಹೇಳುವಾಗ ಮಗ ಪಕ್ಕದಲ್ಲೇ ಕುಳಿತಿದ್ದ. ಹೆಸರು ಬೇಡ, ಆದರೆ ವಿಷಯ ಬರೆಯಿರಿ ಎಂದರು ಇಬ್ಬರೂ.

ಬೈಕ್ ಅಪಘಾತದ ಬಳಿಕ ಸೊಂಟನೋವಿಗೆ ತೆಗೆದುಕೊಂಡ ಟ್ರಮಡಾಲ್ ಮಾತ್ರೆಯಿಂದ ಶುರು. ನೋವು ಹೋಯಿತು, ಮಾತ್ರೆ ಉಳಿಯಿತು. ಅಫೀಮಿನಂತೆಯೇ ಚಟ ಹಿಡಿಸುವ ಈ ಮಾತ್ರೆಯನ್ನು 2018ರಲ್ಲೇ ಮಾದಕ ವಸ್ತು ಕಾಯ್ದೆಯ ವ್ಯಾಪ್ತಿಗೆ ತರಲಾಗಿದೆ. ಆದರೂ ಚೀಟಿಯಿಲ್ಲದೆ ಕೊಡುವವರು ಸಿಕ್ಕರು. ದಿನಕ್ಕೆ ಎರಡು ಇದ್ದದ್ದು ಹತ್ತು ದಾಟಿತು. ಸಿಗದ ದಿನ ಮೂಗು ಸೋರುವುದು, ಆಕಳಿಕೆ, ಮೈ ಜುಮ್ಮೆನ್ನುವುದು, ಭೇದಿ, ರಾತ್ರಿಯಿಡೀ ಕಾಲು ಸೆಳೆತ.

"ಜ್ವರ ಅಂತ ಗಂಜಿ ಕೊಟ್ಟು ಮಲಗಿಸಿದ್ದೆ. ಗೊತ್ತಾದ ಮೇಲೂ ಆ ಒದ್ದಾಟ ನೋಡ್ಲಿಕ್ಕೆ ಆಗದೆ ನಾನೇ ದುಡ್ಡು ಕೊಟ್ಟದ್ದುಂಟು."

ಮನೆಯವರು ಕೋಣೆಯಲ್ಲಿ ಕೂಡಿಹಾಕಿದರು. ಗಲ್ಫ್‌ಗೆ ಕಳಿಸುವ ಎಂದರು. ‘ಮದುವೆ ಮಾಡಿದ್ರೆ ಸರಿಯಾಗ್ತಾನೆ’ ಎಂದು ಹೆಣ್ಣು ನೋಡಲೂ ಹೊರಟರು. ತಡೆದದ್ದು ಮಗನೇ: "ಇನ್ನೊಂದು ಮನೆಯ ಹುಡುಗಿಯ ಬದುಕು ಯಾಕೆ ಹಾಳು ಮಾಡ್ತೀರಿ?" ಮರುದಿನ ಮನೋವೈದ್ಯರ ಬಳಿ ಹೋದರು.

ನಾಲಗೆಯಡಿ ಇಡುವ ಬ್ಯುಪ್ರೆನಾರ್ಫಿನ್ ಮಾತ್ರೆಯಿಂದ ಒದ್ದಾಟ ನಿಂತಿತು. ‘ಒಂದು ಅಮಲು ಬಿಟ್ಟು ಇನ್ನೊಂದು ಹಿಡಿಸಿದ್ರಾ?’ ಎಂದು ಸಂಬಂಧಿಕರು ಕೇಳಿದ್ದಕ್ಕೆ ನಾಲ್ಕೇ ತಿಂಗಳಲ್ಲಿ ಚಿಕಿತ್ಸೆ ನಿಲ್ಲಿಸಿಬಿಟ್ಟರು. ಕೆಲವು ವಾರ ಕಳೆದು ಒಂದು ರಾತ್ರಿ ಹಳೆಯ ಗೆಳೆಯರ ಜೊತೆ ಹಳೆಯ ಲೆಕ್ಕದಲ್ಲೇ ನುಂಗಿದ. ಉಸಿರು ನಿಧಾನವಾಯಿತು, ತುಟಿ ನೀಲಿಯಾಯಿತು. ಬೇಗ ಆಸ್ಪತ್ರೆಗೆ ತಲುಪಿದ್ದರಿಂದ ಬದುಕಿದ. ಕೆಲಕಾಲ ಬಿಟ್ಟ ದೇಹ ಹಳೆಯ ಪ್ರಮಾಣವನ್ನು ತಾಳುವುದಿಲ್ಲ. ಬಿಟ್ಟು ಮತ್ತೆ ಮುಟ್ಟಿದವನ ಜೀವಕ್ಕೇ ಹೆಚ್ಚು ಅಪಾಯ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ಬಳಿಕ ಚಿಕಿತ್ಸೆ ತಪ್ಪಿಸಿಲ್ಲ. ಈಗ ಮೂರು ವರ್ಷ. ತಾಯಿ-ಮಗ ಕರೆದ ಮನೆಗಳಿಗೆ ಹೋಗುತ್ತಾರೆ. ಮಗ ಜಗಲಿಯಲ್ಲಿ ಹುಡುಗನ ಜೊತೆ, ಉಮ್ಮ ಅಡುಗೆಕೋಣೆಯಲ್ಲಿ ಅವನ ತಾಯಿಯ ಜೊತೆ. ಉಪದೇಶ ಇಲ್ಲ. ಕೈಗೆ ದುಡ್ಡು ಕೊಡಬೇಡಿ, ಊಟ ತಪ್ಪಿಸಬೇಡಿ. ವೈದ್ಯರು ಹೇಳದೆ ಔಷಧಿ ನಿಲ್ಲಿಸಬೇಡಿ. ಮಲಗಿದವನು ಕರೆದರೆ ಏಳದಿದ್ದರೆ, ಉಸಿರು ಗೊರಗೊರ ಎಂದರೆ, ಬೆಳಗಾಗುವ ತನಕ ಕಾಯದೆ 108ಕ್ಕೆ ಕರೆ ಮಾಡಿ.

ಪೊಲೀಸ್ ಕೇಸ್ ಆಗ್ತದಾ ಎಂಬುದೇ ಎಲ್ಲ ಮನೆಯ ಮೊದಲ ಪ್ರಶ್ನೆ. ಚಿಕಿತ್ಸೆಗೆ ಹೋಗುವುದು ಅಪರಾಧವಲ್ಲ. ಸೇವನೆ ಅಥವಾ ಅಲ್ಪ ಪ್ರಮಾಣದ ಕೇಸ್ ಇದ್ದರೂ, ಸ್ವಇಚ್ಛೆಯಿಂದ ಸರಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಒಳಗಾಗುವ ವ್ಯಸನಿಗೆ ಕಾಯ್ದೆಯ 64ಎ ಕಲಮು ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಪೂರ್ತಿ ಮಾಡಬೇಕು, ಅಷ್ಟೇ. ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದರೆ ರಾಷ್ಟ್ರೀಯ ಸಹಾಯವಾಣಿ 14446 ಇದೆ, ಶುಲ್ಕವಿಲ್ಲ.

"ಹೆಚ್ಚಿನವರು ಕತ್ತಲಾದ ಮೇಲೆ ಹಿಂಬಾಗಿಲಿಂದ ಬನ್ನಿ ಅಂತಾರೆ. ಹಾಗೇ ಹೋಗ್ತೇವೆ" ಎಂದರು ಉಮ್ಮ. "ಎರಡನೇ ಸಲ ಮುಂದಿನ ಬಾಗಿಲು ತೆರೆದ್ರೆ ಅರ್ಧ ಕೆಲಸ ಆಯ್ತು."