ಕವಲೇದುರ್ಗದ ಅಡುಗೆಮನೆ

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯವರಿಗೆ ಕೋಟೆ ಎಂದರೆ ಚಿತ್ರದುರ್ಗ. ಶಾಲೆಯ ಪ್ರವಾಸವೂ ಅಲ್ಲಿಗೇ, ನೆಂಟರನ್ನು ಕರೆದುಕೊಂಡು ಹೋಗುವುದೂ ಅಲ್ಲಿಗೇ. ಹಿರೇನಲ್ಲೂರಿನಿಂದ ಹೊರಡುವವರು ಒಮ್ಮೆ ಪಶ್ಚಿಮದ ದಾರಿ ಹಿಡಿಯಲಿ ಎಂಬುದು ನನ್ನ ಆಸೆ. ಬೀರೂರು, ತರೀಕೆರೆ, ಶಿವಮೊಗ್ಗ ದಾಟಿ ತೀರ್ಥಹಳ್ಳಿ ಮುಟ್ಟಿದರೆ, ಅಲ್ಲಿಂದ ಸುಮಾರು 18 ಕಿ.ಮೀ. ದೂರದಲ್ಲಿ ಕವಲೇದುರ್ಗವಿದೆ. ಗುಡ್ಡದ ನೆತ್ತಿಯ ಮೇಲೆ ಕೋಟೆಯ ಒಳಗೇ ಒಂದು ಊರು ಬಾಳಿ ಬದುಕಿದ ಜಾಗ ಅದು.

ದಾರಿಯಲ್ಲಿ ಅಮೃತಾಪುರಕ್ಕೆ ಹೋಗದೆ ಮುಂದೆ ಸಾಗಬೇಡಿ. ಅಲ್ಲಿನ ಅಮೃತೇಶ್ವರ ದೇವಸ್ಥಾನವನ್ನು 1196ರಲ್ಲಿ ಕಟ್ಟಿಸಿದವನು ಎರಡನೇ ವೀರಬಲ್ಲಾಳನ ದಂಡನಾಯಕ. ಬಲ್ಲಾಳನಿಗೆ ‘ಗಿರಿದುರ್ಗಮಲ್ಲ’ ಎಂಬ ಬಿರುದಿತ್ತು. ಪಾಂಡ್ಯರ ಕೈಯಲ್ಲಿದ್ದ ಉಚ್ಚಂಗಿದುರ್ಗವನ್ನು ಗೆದ್ದವನು ಅವನು. ಬೆಟ್ಟದ ಕೋಟೆ ಗೆಲ್ಲುವುದು ಬಿರುದು ಧರಿಸುವಷ್ಟು ದೊಡ್ಡ ಕೆಲಸವಾಗಿತ್ತು. ಗೋಡೆ ಎಷ್ಟೇ ಎತ್ತರವಿರಲಿ, ಮೇಲಿದ್ದವರಿಗೆ ನೀರು, ದವಸ ಇದ್ದರೆ ಮಾತ್ರ ಅದು ಕೋಟೆ. ಇಲ್ಲದಿದ್ದರೆ ಕೆಳಗೆ ಬೀಡುಬಿಟ್ಟವರು ಸುಮ್ಮನೆ ಕಾದರೂ ಸಾಕು.

ಕವಲೇದುರ್ಗದಲ್ಲಿ ಈ ಮಾತು ಕಣ್ಣಿಗೆ ಕಾಣುತ್ತದೆ. ಬುಡದ ಗದ್ದೆಯ ಅಂಚಿನಿಂದ ಕಲ್ಲುಹಾಸಿನ ದಾರಿ ಏರುತ್ತದೆ. ಗುಡ್ಡದ ಏರಿಳಿತಕ್ಕೆ ತಕ್ಕಂತೆ ಬಳಸಿಬಂದ ಮೂರು ಸುತ್ತಿನ ಕೋಟೆ. ಒಂದೊಂದು ಸುತ್ತಿಗೂ ಹೆಬ್ಬಾಗಿಲು, ಬಾಗಿಲ ಪಕ್ಕದಲ್ಲಿ ಕಾವಲುಗಾರರ ಕೋಣೆ. ಹಿಂದೆ ಭುವನಗಿರಿ ದುರ್ಗವೆಂದು ಕರೆಸಿಕೊಳ್ಳುತ್ತಿದ್ದ ಇದನ್ನು ಕೆಳದಿಯ ವೆಂಕಟಪ್ಪ ನಾಯಕ ಬಲಪಡಿಸಿದ. 1629ರವರೆಗೆ ಆಳಿದ ಅವನ ಕಾಲದಲ್ಲಿ ಇಲ್ಲಿ ಅರಮನೆ, ಮಠ, ಕಣಜ, ಖಜಾನೆ, ಲಾಯ ಎಲ್ಲವೂ ಎದ್ದು ನಿಂತವು.

ಕಾಶಿ ವಿಶ್ವನಾಥ ದೇವಸ್ಥಾನದ ಮುಂದಿನ ಎರಡು ಎತ್ತರದ ಕಂಬಗಳನ್ನು ನೋಡಿ, ಬಹಳ ಜನ ನೇರ ತುದಿಗೆ ಧಾವಿಸುತ್ತಾರೆ. ಸೂರ್ಯಾಸ್ತದ ಫೋಟೊ ಬೇಕು. ಅರಮನೆಯ ಅವಶೇಷ ಪಕ್ಕದಲ್ಲೇ ಉಳಿದುಬಿಡುತ್ತದೆ. ನನ್ನ ಮಟ್ಟಿಗೆ ಇಡೀ ದುರ್ಗದಲ್ಲಿ ನಿಂತು ನೋಡಬೇಕಾದ್ದು ಅದೇ. ಪುರಾತತ್ತ್ವ ಇಲಾಖೆ ಅಗೆದು ತೆಗೆದ ಆ ನೆಲದಲ್ಲಿ ಮಾಡು ಇಲ್ಲ, ಗೋಡೆಯೂ ಮೊಣಕಾಲೆತ್ತರ. ಆದರೂ ಮನೆಯ ನಕ್ಷೆ ಸ್ಪಷ್ಟ: ಜಗಲಿಗಳು, ದೇವರಕೋಣೆ, ಮೆಟ್ಟಿಲಿಳಿದು ಹೋಗುವ ಕೊಳ, ಕಲ್ಲುಹಾಸಿನ ಬಚ್ಚಲು, ಅದಕ್ಕೆ ನೀರು ಹಾಯಿಸುವ ವ್ಯವಸ್ಥೆ. ಅಡುಗೆಮನೆಯಲ್ಲಿ ಐದು ಪಾತ್ರೆ ಇಡಬಹುದಾದ ಕಲ್ಲಿನ ಒಲೆ. ಅದರ ಮುಂದೆ ಕೂತರೆ ಕೇಳಬೇಕೆನಿಸುವುದು ಸಾಮಾನ್ಯ ಪ್ರಶ್ನೆಗಳು. ಸೌದೆ ಹೊತ್ತು ತಂದವರು ಯಾರು? ಮಳೆಗಾಲದಲ್ಲಿ ಅದನ್ನು ಎಲ್ಲಿ ಒಣಗಿಸುತ್ತಿದ್ದರು? ಬೆಳಗಿನ ನೀರು ಯಾವ ಹೊಂಡದ್ದು?

ಹೊಂಡಗಳ ಬಳಿ ಬಯಲುಸೀಮೆಯವರಾದ ನಾವು ಇನ್ನಷ್ಟು ಹೊತ್ತು ನಿಲ್ಲಬೇಕು. ಕಡೂರಿಗೆ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ; ತೀರ್ಥಹಳ್ಳಿ ತಾಲ್ಲೂಕಿನದೇ ಆದ ಆಗುಂಬೆಯಲ್ಲಿ 7,000 ಮಿ.ಮೀ. ದಾಟುವುದು ವಾಡಿಕೆ. ಇಷ್ಟು ಸುರಿದರೆ ನೀರಿನ ಚಿಂತೆ ಏಕೆ ಎನ್ನಬಹುದು. ಆದರೆ ಗುಡ್ಡದ ಮೇಲೆ ಬಿದ್ದ ನೀರು ನಿಲ್ಲುವುದಿಲ್ಲ, ಇಳಿದು ಹಳ್ಳ ಸೇರುತ್ತದೆ. ಮಳೆ ನಿಂತ ಮೇಲಿನ ತಿಂಗಳುಗಳನ್ನು ದಾಟಿಸಬೇಕಾದದ್ದು ಈ ಹೊಂಡಗಳೇ. ಮದಗದ ಕೆರೆ ಕೋಡಿ ಬಿತ್ತೇ ಎಂದು ವರ್ಷ ವರ್ಷ ವಿಚಾರಿಸುವ ನಮ್ಮ ಊರುಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1763ರಲ್ಲಿ ಹೈದರಾಲಿ ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರನ್ನು ಹಿಡಿದಾಗ ಕೆಳದಿಯ ಆಳ್ವಿಕೆ ಕೊನೆಗೊಂಡಿತು. ರಾಣಿ ವೀರಮ್ಮಾಜಿ ತಪ್ಪಿಸಿಕೊಂಡು ಸೇರಿದ್ದು ನಮ್ಮ ಜಿಲ್ಲೆಯದೇ ಆದ ಬಲ್ಲಾಳರಾಯನ ದುರ್ಗವನ್ನು. ಕೊನೆಗೆ ಸೆರೆಸಿಕ್ಕಿ ಮಧುಗಿರಿಯ ಕೋಟೆ ಕಂಡಳು. ಆಸರೆಯೂ ಗಿರಿದುರ್ಗ, ಸೆರೆಮನೆಯೂ ಗಿರಿದುರ್ಗ.

ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿಯೊಳಗೆ, ಬೆಳಗ್ಗೆಯೇ ಹತ್ತಿ. ಮಳೆಗಾಲದಲ್ಲಿ ಹಾಸುಗಲ್ಲು ಜಾರುತ್ತದೆ, ಇಂಬಳದ ಕಾಟ ಬೇರೆ. ಕುಡಿಯುವ ನೀರು ಕೆಳಗಿನಿಂದಲೇ ಒಯ್ಯಿರಿ, ಖಾಲಿ ಬಾಟಲಿ ಹೊಂಡಕ್ಕೆ ಎಸೆಯಬೇಡಿ. ಮಕ್ಕಳಿದ್ದರೆ ತುದಿಗಿಂತ ಮೊದಲು ಅರಮನೆಗೆ ಕರೆದೊಯ್ದು, ಬಚ್ಚಲು ಯಾವುದು, ಒಲೆ ಯಾವುದು ಎಂದು ಅವರೇ ಹುಡುಕಲು ಬಿಡಿ.