ಆಕಾಶಕ್ಕೆ ಏಣಿ ಹಾಕಿದ ಹೆಣ್ಣುಮಕ್ಕಳು



ಕಳೆದ ಬೇಸಿಗೆಯ ಮಾತು. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ಬಸ್ಸು ತೆರಕಣಾಂಬಿ ದಾಟಿತ್ತು. ಪಕ್ಕದ ಸೀಟಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಮತ್ತು ಅವಳ ತಾಯಿ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದಿತ್ತು. ಪಿಯುಸಿಗೆ ಸೇರಿಸಲು ಹೊರಟಿದ್ದರು.

"ವಿಜ್ಞಾನ ಬೇಡ, ಯಾವುದಾದರೂ ಸುಲಭದ್ದು ಕೊಡಿಸೋಣ ಎಂದಿದ್ದೇವೆ. ಎರಡು ವರ್ಷ ಕಳೆದರೆ ಸಾಕಲ್ಲ" ಎಂದರು ತಾಯಿ. ಹುಡುಗಿ ಕಿಟಕಿಯ ಕಡೆ ಮುಖ ಮಾಡಿದ್ದವಳು ತಟ್ಟನೆ ತಿರುಗಿ ನನ್ನನ್ನು ಕೇಳಿದಳು: "ವಿಮಾನ ಪಡೆಯಲ್ಲಿ ನಮ್ಮಂಥವರು ಯಾರಾದರೂ ಇದ್ದರಾ?"

ತಾಯಿ ನಕ್ಕರು. ನಾನು ನಗಲಿಲ್ಲ. ಆದರೆ ಇಳಿಯುವ ನಿಲ್ದಾಣ ಬಂದಿತ್ತು. ಅವಳಿಗೆ ಅಂದು ಹೇಳಲಾಗದ ಉತ್ತರವನ್ನು ಇಂದು ನಿಮ್ಮೆಲ್ಲರಿಗೂ ಹೇಳುತ್ತಿದ್ದೇನೆ.

ನಮ್ಮ ಮೈಸೂರು ಸೀಮೆಯಿಂದಲೇ ಪ್ರಾರಂಭಿಸೋಣ. ಟಿಪ್ಪು ಸುಲ್ತಾನರ ಹೆಸರು ಕೇಳದವರಾರು? ಅವರ ವಂಶದ ಒಬ್ಬ ಹೆಣ್ಣುಮಗಳು ಬ್ರಿಟನ್ನಿನ ವಾಯುಪಡೆಯ ಮಹಿಳಾ ವಿಭಾಗದಲ್ಲಿದ್ದಳು ಎಂಬುದು ಎಷ್ಟು ಮನೆಗಳಲ್ಲಿ ಗೊತ್ತು? ಅವಳೇ ನೂರ್ ಇನಾಯತ್ ಖಾನ್. ತಂದೆ ಸೂಫಿ ಗುರು ಹಾಗೂ ಸಂಗೀತಗಾರ ಹಜ್ರತ್ ಇನಾಯತ್ ಖಾನ್. ಅವರ ತಾಯಿಯ ಕಡೆಯಿಂದ ಟಿಪ್ಪು ಸುಲ್ತಾನರ ಸಂಬಂಧ. 1914ರಲ್ಲಿ ಮಾಸ್ಕೋದಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಬೆಳೆದ ನೂರ್ ಮಕ್ಕಳಿಗೆ ಕಥೆ ಬರೆಯುತ್ತಿದ್ದ ಮೃದು ಸ್ವಭಾವದ ಹುಡುಗಿ. 1940ರ ನವೆಂಬರಿನಲ್ಲಿ ವಾಯುಪಡೆಯ ಮಹಿಳಾ ವಿಭಾಗ ಸೇರಿ ವೈರ್‌ಲೆಸ್ ಕಲಿತಳು. 1943ರ ಜೂನ್ ತಿಂಗಳ ಒಂದು ರಾತ್ರಿ ಸಣ್ಣ ವಿಮಾನವೊಂದು ಅವಳನ್ನು ಜರ್ಮನರ ವಶದಲ್ಲಿದ್ದ ಫ್ರಾನ್ಸಿನಲ್ಲಿ ಇಳಿಸಿತು. ಗುಪ್ತ ಸಂದೇಶ ರವಾನಿಸಲು ಅಲ್ಲಿಗೆ ಬ್ರಿಟನ್ ಕಳುಹಿಸಿದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್ ಅವಳು. ಸಂಗಡಿಗರು ಒಬ್ಬೊಬ್ಬರಾಗಿ ಸೆರೆಯಾದರೂ ಹಿಂದಿರುಗಲು ಒಪ್ಪಲಿಲ್ಲ. ಕೊನೆಗೆ ಸಿಕ್ಕಿಬಿದ್ದಳು. 1944ರ ಸೆಪ್ಟೆಂಬರ್ 13ರಂದು ದಖಾವ್ ಶಿಬಿರದಲ್ಲಿ ಗುಂಡಿಗೆ ಬಲಿಯಾದಾಗ ವಯಸ್ಸು ಕೇವಲ 30! 1949ರಲ್ಲಿ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ನೀಡಲಾಯಿತು. 2012ರಲ್ಲಿ ಲಂಡನ್ನಿನ ಗಾರ್ಡನ್ ಸ್ಕ್ವೇರ್‌ನಲ್ಲಿ ಅವಳ ಪ್ರತಿಮೆ ನಿಂತಿತು.

ಇನ್ನು ನಮ್ಮ ದೇಶದ ಕಥೆ. 1950ರ ವಾಯುಪಡೆ ಕಾಯ್ದೆಯ ಪ್ರಕಾರ, ಸರಕಾರ ಅಧಿಸೂಚನೆ ಹೊರಡಿಸಿದ ವಿಭಾಗಗಳನ್ನು ಬಿಟ್ಟು ಬೇರೆಡೆ ಮಹಿಳೆಯರಿಗೆ ಪ್ರವೇಶವಿರಲಿಲ್ಲ. ತೆರೆದಿದ್ದ ಬಾಗಿಲು ವೈದ್ಯಕೀಯದ್ದು. 1955ರ ಆಗಸ್ಟ್ 22ರಂದು ಡಾ. ವಿಜಯಲಕ್ಷ್ಮಿ ರಮಣನ್ ಸೇನೆಯ ವೈದ್ಯಕೀಯ ದಳಕ್ಕೆ ಸೇರಿ, ಅಲ್ಲಿಂದ ವಾಯುಪಡೆಗೆ ನಿಯುಕ್ತರಾದರು. ವಾಯುಪಡೆಯ ಮೊದಲ ಮಹಿಳಾ ಅಧಿಕಾರಿ ಅವರೇ. ಸುತ್ತಲೂ ಗಂಡಸರು, ಹೆಂಗಸರಿಗೆಂದು ಸಮವಸ್ತ್ರವೇ ಇಲ್ಲದ ಕಾಲ. ಅವರು ಸೀರೆಯಲ್ಲೇ ಸೇವೆ ಸಲ್ಲಿಸಿದರು. ಬೆಂಗಳೂರಿನ ಜಾಲಹಳ್ಳಿಯ ವಾಯುಪಡೆ ಆಸ್ಪತ್ರೆಯಲ್ಲೂ ಕೆಲಸ ಮಾಡಿದರು. ಯುದ್ಧಗಳಲ್ಲಿ ಗಾಯಗೊಂಡ ಯೋಧರನ್ನು ಉಪಚರಿಸಿದರು. 1979ರಲ್ಲಿ ವಿಂಗ್ ಕಮಾಂಡರ್ ಆಗಿ ನಿವೃತ್ತರಾಗಿ, 2020ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲೇ 96ನೆಯ ವಯಸ್ಸಿನಲ್ಲಿ ತೀರಿಕೊಂಡರು.

ವೈದ್ಯಕೀಯದ ಆಚೆಗೆ ಬಾಗಿಲು ತೆರೆಯಲು ಮತ್ತೆ ಮೂರೂವರೆ ದಶಕ ಬೇಕಾಯಿತು. 1990ರ ದಶಕದ ಆರಂಭದಲ್ಲಿ ಆಡಳಿತ ಮುಂತಾದ ನೆಲದ ಕೆಲಸಗಳಿಗೂ, ನಂತರ ಸಾಗಣೆ ವಿಮಾನ ಮತ್ತು ಹೆಲಿಕಾಪ್ಟರ್ ಹಾರಿಸುವುದಕ್ಕೂ ಮಹಿಳೆಯರನ್ನು ತೆಗೆದುಕೊಳ್ಳಲಾಯಿತು. 1994ರಲ್ಲಿ ಹರಿತಾ ಕೌರ್ ದೇವಲ್ ಒಬ್ಬಂಟಿಯಾಗಿ ವಿಮಾನ ಹಾರಿಸಿದರು. ಎರಡೇ ವರ್ಷಗಳಲ್ಲಿ ಅಪಘಾತದಲ್ಲಿ ಪ್ರಾಣ ಕಳೆದುಕೊಂಡರು. ಈ ದಾರಿ ಹೂವಿನದ್ದಲ್ಲ ಎಂಬುದನ್ನೂ ನಾವು ಮರೆಯಬಾರದು. 1999ರ ಕಾರ್ಗಿಲ್ ಯುದ್ಧದಲ್ಲಿ ಗುಂಜನ್ ಸಕ್ಸೇನಾ ಮತ್ತು ಶ್ರೀವಿದ್ಯಾ ರಾಜನ್ ಚೀತಾ ಹೆಲಿಕಾಪ್ಟರ್ ಹಾರಿಸಿದರು.

ಆದರೆ ಕೆಲಸ ಸಿಕ್ಕರೂ ಖಾಯಂ ಆಗಿರಲಿಲ್ಲ! ಕೆಲವು ವರ್ಷಗಳ ಅಲ್ಪಾವಧಿ ಸೇವೆ ಮುಗಿದರೆ ಮನೆಗೆ. ಗಂಡಸರಿಗಿದ್ದ ಖಾಯಂ ನೇಮಕಾತಿ ಇವರಿಗೇಕಿಲ್ಲ ಎಂದು ಮಹಿಳಾ ಅಧಿಕಾರಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 2010ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅವರ ಪರವಾಗಿ ತೀರ್ಪು ನೀಡಿತು. ಮಹಿಳೆಯರಿಗೆ ಈ ಹಕ್ಕನ್ನು ಯಾರೂ ತಟ್ಟೆಯಲ್ಲಿಟ್ಟು ಕೊಡಲಿಲ್ಲ, ಕೇಳಿ ಪಡೆದರು.

2016ರ ಜೂನ್ 18ರಂದು ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಯುದ್ಧ ವಿಮಾನ ವಿಭಾಗಕ್ಕೆ ಸೇರಿದ ಮೊದಲ ಮಹಿಳೆಯರಾದರು. ಮುಂದಿನ ತರಬೇತಿಗೆ ಅವರು ಬಂದದ್ದು ನಮ್ಮ ಬೀದರಿಗೆ. 2018ರಲ್ಲಿ ಚಿಕ್ಕಮಗಳೂರಿನ ಮೇಘನಾ ಶಾನ್‌ಭಾಗ್ ಕೂಡ ಯುದ್ಧ ವಿಮಾನದ ಪೈಲಟ್ ಆಗಿ ಹೊರಬಂದರು. 2023ರ ಡಿಸೆಂಬರಿನಲ್ಲಿ ಬೆಳಗಾವಿಯ ತರಬೇತಿ ಶಾಲೆಯಿಂದ 153 ಯುವತಿಯರು ಅಗ್ನಿವೀರ್ ವಾಯು ಆಗಿ ಹೊರಟರು. ಅಲ್ಲಿಯವರೆಗೆ ಹೆಂಗಸರು ಅಧಿಕಾರಿಗಳಾಗಿ ಮಾತ್ರ ಸೇರಬಹುದಿತ್ತು.

ಹಾಗಾದರೆ "ನಮ್ಮಂಥವರು"? 2022ರಲ್ಲಿ ಉತ್ತರ ಪ್ರದೇಶದ ಮಿರ್ಜಾಪುರ ಜಿಲ್ಲೆಯ ಟಿವಿ ಮೆಕ್ಯಾನಿಕ್ ಒಬ್ಬರ ಮಗಳು ಸಾನಿಯಾ ಮಿರ್ಜಾ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಆಯ್ಕೆಯಾದಳು. ಪತ್ರಿಕೆಗಳು ಆಗಲೇ ಯುದ್ಧ ವಿಮಾನದ ಪೈಲಟ್ ಎಂದು ಬರೆದುಬಿಟ್ಟವು. ಅದು ವರ್ಷಗಳ ತರಬೇತಿಯ ನಂತರದ ಮಾತು ಎಂದು ವಾಯುಪಡೆ ವಿವರಿಸಬೇಕಾಯಿತು. ಆದರೂ ಆ ಮನೆಯ ಬಾಗಿಲು ದಾಟಿದ್ದೇ ಒಂದು ದೊಡ್ಡ ಹೆಜ್ಜೆಯಲ್ಲವೇ? 2025ರ ಮೇ 7ರಂದು ವಾಯುಪಡೆಯ ವ್ಯೋಮಿಕಾ ಸಿಂಗ್ ಜೊತೆ ದೇಶಕ್ಕೆ ಕಾರ್ಯಾಚರಣೆಯ ವಿವರ ನೀಡಿದವರು ಭೂಸೇನೆಯ ಕರ್ನಲ್ ಸೋಫಿಯಾ ಖುರೇಶಿ. ಅವರು ಬೆಳಗಾವಿ ಜಿಲ್ಲೆಯ ಗೋಕಾಕ ತಾಲೂಕಿನ ಸೊಸೆ.

ಸಹೋದರಿಯರೇ, ನಿಮ್ಮ ಮಗಳು ಸೈನ್ಯ ಸೇರಲೇಬೇಕೆಂದು ನಾನು ಹೇಳುತ್ತಿಲ್ಲ. ಉಡುಪಿನ ಪ್ರಶ್ನೆಯಿದೆ, ದೂರದ ಊರುಗಳ ವಾಸವಿದೆ, ಅಪಾಯವಿದೆ. ಇವನ್ನೆಲ್ಲ ಪ್ರತಿಯೊಂದು ಮನೆಯೂ ಮಗಳನ್ನು ಎದುರಿಗೆ ಕೂರಿಸಿಕೊಂಡು ವಿಚಾರ ಮಾಡಬೇಕು. ಆದರೆ ಒಂದು ವಿಷಯ ತಿಳಿದಿರಲಿ. ಪೈಲಟ್ ಆಗಲು ಪಿಯುಸಿಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಓದಿರಬೇಕು. ಪದವಿಯ ನಂತರ ಬರೆಯುವ ವಾಯುಪಡೆಯ ಪ್ರವೇಶ ಪರೀಕ್ಷೆಗೂ ಹಾರಾಟ ವಿಭಾಗದಲ್ಲಿ ಇದೇ ನಿಯಮ. ಆಡಳಿತ, ಲೆಕ್ಕಪತ್ರ ಮುಂತಾದ ವಿಭಾಗಗಳಿಗೆ ಬೇರೆ ಪದವಿಗಳೂ ನಡೆಯುತ್ತವೆ. ಹದಿನಾರನೆಯ ವಯಸ್ಸಿನಲ್ಲಿ ಅರ್ಜಿ ತುಂಬುವಾಗ ನಾವು "ಸುಲಭದ್ದು" ಎಂದು ಬರೆಯುವ ಒಂದು ಸಾಲು ಇಂಥ ಎಷ್ಟೋ ಬಾಗಿಲುಗಳನ್ನು ಮುಚ್ಚಿಬಿಡುತ್ತದೆ. ವೈದ್ಯೆ, ಇಂಜಿನಿಯರ್ ಆಗುವ ಬಾಗಿಲುಗಳೂ ಅದೇ ಓಣಿಯಲ್ಲಿವೆ.

ಆ ಹುಡುಗಿ ಯಾವ ವಿಷಯ ತೆಗೆದುಕೊಂಡಳು ಎಂದು ಕೇಳುತ್ತೀರಾ? ಅರ್ಜಿಯ ಕೊನೆಯ ದಿನ ಅವಳ ತಾಯಿ ಫೋನ್ ಮಾಡಿದ್ದರು. "ಗಣಿತಕ್ಕೆ ಟ್ಯೂಷನ್ ಎಲ್ಲಿ ಸಿಗುತ್ತದೆ?" ಎಂದಷ್ಟೇ ಕೇಳಿದರು.

ನಿಮ್ಮ ಮಗಳೂ ಕಿಟಕಿಯ ಕಡೆ ಮುಖ ಮಾಡಿ ಕುಳಿತಿರಬಹುದು. ಒಮ್ಮೆ ಕೇಳಿ ನೋಡಿ, ಅವಳು ಏನನ್ನು ನೋಡುತ್ತಿದ್ದಾಳೆ ಎಂದು.